ಯಾವ ಅಣಬೆ, ಯಾವ ಮಣ್ಣು?



1754ರಲ್ಲಿ ಜೊವಾನ್ನಿ ಆಂತೋನಿಯೊ ಸ್ಕೊಪೊಲಿ ಎಂಬ ತರುಣ ವೈದ್ಯರು ಇದ್ರಿಯಾ ಎಂಬ ಗಣಿಯೂರಿಗೆ ಕೆಲಸಕ್ಕೆ ಸೇರಿದರು. ಈಗಿನ ಸ್ಲೊವೇನಿಯಾ ದೇಶದ ಪಶ್ಚಿಮ ಭಾಗದಲ್ಲಿ, ಕಡಿದಾದ ಬೆಟ್ಟಗಳ ನಡುವಿನ ಇಕ್ಕಟ್ಟು ಕಣಿವೆಯಲ್ಲಿ ಆ ಊರಿದೆ. ಆಗ ಅದು ಹ್ಯಾಬ್ಸ್‌ಬರ್ಗ್ ದೊರೆಗಳ ಆಳ್ವಿಕೆಯಲ್ಲಿತ್ತು. ನೆಲದಡಿಯಿಂದ ಅಲ್ಲಿ ತೆಗೆಯುತ್ತಿದ್ದುದು ಪಾದರಸ. ಅದರ ಆವಿ ಕುಡಿದ ಕೆಲಸಗಾರರ ಕೈಕಾಲು ನಡುಗುತ್ತಿದ್ದವು, ಜೊಲ್ಲು ಸುರಿಯುತ್ತಿತ್ತು, ಒಸಡು ಊದಿ ಹಲ್ಲು ಅಲುಗಾಡುತ್ತಿದ್ದವು. ಅವರಿಗೆ ಮದ್ದು ಮಾಡುವುದು ಸ್ಕೊಪೊಲಿಯವರ ಕೆಲಸ. 1769ರವರೆಗೆ ಅಲ್ಲಿದ್ದರು. ಇದ್ರಿಯಾದ ಪಾದರಸ ಮತ್ತು ಅದು ಗಣಿಯವರಿಗೆ ತರುವ ರೋಗದ ಬಗ್ಗೆ 1761ರಲ್ಲಿ ಲ್ಯಾಟಿನ್‌ನಲ್ಲಿ ಒಂದು ಪುಸ್ತಕ ಪ್ರಕಟಿಸಿದರು. ದುಡಿಮೆಯಿಂದ ಬರುವ ಕಾಯಿಲೆಗಳ ಚರಿತ್ರೆ ಬರೆಯುವವರು ಇಂದಿಗೂ ಆ ಪುಸ್ತಕವನ್ನು ಹೆಸರಿಸುತ್ತಾರೆ.

ಆದರೆ ಸ್ಕೊಪೊಲಿಯವರ ಜೀವವೆಲ್ಲ ಇದ್ದದ್ದು ಕಾಡಿನಲ್ಲಿ. ಬಿಡುವು ಸಿಕ್ಕಿದಾಗ ಬೆಟ್ಟ ಹತ್ತಿ ಗಿಡ, ಹುಳು, ಅಣಬೆ ಕಲೆಹಾಕುತ್ತಿದ್ದರು. ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ ಅವರೊಂದಿಗೆ ಪತ್ರವ್ಯವಹಾರವಿತ್ತು. ಇದ್ರಿಯಾದ ಸೀಮೆಯ ಸಸ್ಯಗಳ ಬಗ್ಗೆ ಸ್ಕೊಪೊಲಿ ಬರೆದ ‘ಫ್ಲೋರಾ ಕಾರ್ನಿಯೋಲಿಕಾ’ 1760ರಲ್ಲಿ ಬಂತು. ಹಿಗ್ಗಿಸಿದ ಎರಡನೆಯ ಮುದ್ರಣ 1772ರಲ್ಲಿ. ಆ ಎರಡನೆಯ ಮುದ್ರಣದಲ್ಲಿ ಒಂದು ಎತ್ತರದ ಅಣಬೆಗೆ ಅವರು ಹೆಸರಿಟ್ಟರು. ಇಂದು ವಿಜ್ಞಾನಿಗಳು ಅದನ್ನು ಮ್ಯಾಕ್ರೊಲೆಪಿಯೋಟಾ ಪ್ರೊಸೆರಾ ಎನ್ನುತ್ತಾರೆ. ಯುರೋಪಿನ ಜನಕ್ಕೆ ಅದು ಪ್ಯಾರಾಸಾಲ್ ಅಣಬೆ. ಗೇಣುದ್ದಕ್ಕೂ ಮಿಕ್ಕ ಕಾಂಡ, ಅದರ ಮೇಲೆ ಹಾವಿನ ಮೈಯ ಹಾಗೆ ಕಂದು ಪಟ್ಟೆ, ಮೇಲೆ ಕೆಳಗೆ ಜರುಗಿಸಬಹುದಾದ ಉಂಗುರ, ತುದಿಯಲ್ಲಿ ಊಟದ ತಟ್ಟೆಯಷ್ಟು ಅಗಲಕ್ಕೆ ಬಿಚ್ಚಿಕೊಳ್ಳುವ ಟೊಪ್ಪಿಗೆ. ಪೋಲೆಂಡಿನಿಂದ ಸ್ಲೊವೇನಿಯಾದವರೆಗೆ ಅದನ್ನು ತಿನ್ನುವ ಕ್ರಮ ಒಂದೇ: ಟೊಪ್ಪಿಗೆಯನ್ನು ಇಡಿಯಾಗಿ ಮೊಟ್ಟೆಯಲ್ಲಿ ಅದ್ದಿ, ಬ್ರೆಡ್ ಪುಡಿಯಲ್ಲಿ ಹೊರಳಿಸಿ, ಬಾಣಲೆಯಲ್ಲಿ ಕರಿಯುವುದು.

ಸ್ಕೊಪೊಲಿಯವರಿಗೆ ಗೊತ್ತಾಗುವ ದಾರಿಯೇ ಇರಲಿಲ್ಲ ಎನ್ನಿ, ಆ ಕಾಲಕ್ಕೆ ಅಳೆಯುವ ಉಪಕರಣವಿರಲಿಲ್ಲ. ಮಣ್ಣಿನಿಂದ ಪಾದರಸವನ್ನು ಎಳೆದುಕೊಳ್ಳುವುದರಲ್ಲಿ ಎತ್ತಿದ ಕೈ ಎನಿಸಿದ ಅಣಬೆಗಳ ಸಾಲಿನಲ್ಲಿ ಈ ಪ್ಯಾರಾಸಾಲ್ ಮುಂದೆ ನಿಲ್ಲುತ್ತದೆ. ಪಾದರಸದ ರೋಗದ ಬಗ್ಗೆ ಪುಸ್ತಕ ಬರೆದವರೂ ಈ ಅಣಬೆಗೆ ಹೆಸರಿಟ್ಟವರೂ ಒಬ್ಬರೇ. ಎರಡಕ್ಕೂ ನಂಟಿದೆ ಎಂದು ತಿಳಿಯಲು ಇನ್ನೂರು ವರ್ಷ ಹಿಡಿಯಿತು.

ಮೊದಲು ಇದ್ರಿಯಾದ ಕತೆಯನ್ನು ಇಷ್ಟು ಹೇಳಿಬಿಡುತ್ತೇನೆ. 1490ರಲ್ಲಿ ಮರದ ತೊಟ್ಟಿ ಮಾಡುವವನೊಬ್ಬ ಹೊಸ ತೊಟ್ಟಿಯನ್ನು ನೆನೆಸಲು ಒರತೆಯ ನೀರಿಗೆ ಇಟ್ಟನಂತೆ. ಬೆಳಗ್ಗೆ ನೋಡಿದರೆ ತಳದಲ್ಲಿ ಬೆಳ್ಳಿಯಂತೆ ಹೊಳೆಯುವ, ಎತ್ತಲಾರದಷ್ಟು ಭಾರದ ದ್ರವವಂತೆ. ಇದು ಊರಿನವರು ಹೇಳುವ ಕತೆ. ಆಮೇಲಿನದು ದಾಖಲೆ. ಸುಮಾರು ಐದು ಶತಮಾನ ಗಣಿ ನಡೆಯಿತು. ಸ್ಪೇನಿನ ಅಲ್ಮಾದೆನ್ ಬಿಟ್ಟರೆ ಜಗತ್ತಿನ ಅತಿ ದೊಡ್ಡ ಪಾದರಸದ ಗಣಿ ಇದೇ. ಒಟ್ಟು 1,07,000 ಟನ್ನಿನಷ್ಟು ಪಾದರಸ ಇಲ್ಲಿಂದ ಹೊರಬಂತು. ಇವೆರಡು ಗಣಿಯೂರುಗಳನ್ನು ಯುನೆಸ್ಕೊ 2012ರಲ್ಲಿ ಒಟ್ಟಿಗೆ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು.

ಪಾದರಸದ ಅದಿರು ಕೆಂಪು ಬಣ್ಣದ ಇಂಗಲೀಕ. ಅದನ್ನು ಕಾಯಿಸಿದರೆ ಪಾದರಸ ಆವಿಯಾಗಿ ಏಳುತ್ತದೆ, ಆವಿಯನ್ನು ತಣಿಸಿದರೆ ಹನಿಗಟ್ಟುತ್ತದೆ. ಕೆಲಸ ಇಷ್ಟೇ. ಆದರೆ ಮೊದಲ ನೂರೈವತ್ತು ವರ್ಷ ಕುಲುಮೆ ಊರಿನಲ್ಲಿರಲಿಲ್ಲ. ಸೌದೆ ಇದ್ದಲ್ಲಿಗೇ ಅದಿರನ್ನು ಹೊತ್ತೊಯ್ದು, ಸುತ್ತಲಿನ ಕಾಡಿನೊಳಗೆ ರಾಶಿ ಹಾಕಿ, ಆಮೇಲೆ ಮಣ್ಣಿನ ಮಡಕೆಗಳಲ್ಲಿಟ್ಟು ಸುಡುತ್ತಿದ್ದರು. ಒಡೆದ ಮಡಕೆ ಚೂರುಗಳು ಇಂದಿಗೂ ಆ ಕಾಡುಗಳಲ್ಲಿ ಸಿಗುತ್ತವೆ. ಮೇಲೆ ಬೀಚ್ ಮರಗಳು ಬೆಳೆದು ನಿಂತಿವೆ, ತರಗೆಲೆ ಹಾಸಿದೆ, ನೋಡಿದವರು ಅಪ್ಪಟ ಕಾಡು ಎನ್ನುತ್ತಾರೆ. ಆ ಚೂರುಗಳ ನಡುವಿನ ಮಣ್ಣಿನಲ್ಲಿ ಸಾಮಾನ್ಯ ಕಾಡಿನ ಮಣ್ಣಿಗಿಂತ ಸಾವಿರಾರು ಪಟ್ಟು ಪಾದರಸವಿದೆ. ಅದಿರಿನಲ್ಲಿದ್ದ ಪಾದರಸದಲ್ಲಿ ಕೈಗೆ ಸಿಗದೆ ಗಾಳಿಗೆ, ಹೊಳೆಗೆ, ನೆಲಕ್ಕೆ ಹೋದದ್ದು 35,000 ಟನ್ನಿಗೂ ಹೆಚ್ಚು ಎಂದು ಅಂದಾಜು.

ಇದನ್ನು ಕೇಳಿ ‘ಸರಿ, ಗಣಿಯ ಊರಲ್ಲವೇ, ಇರಲೇಬೇಕು’ ಎನ್ನಬಹುದು. ನಾನು ಹೇಳಬೇಕೆಂದಿರುವುದು ಅದಕ್ಕಿಂತ ಮುಂದಿನದು. ಗಣಿ ಇಲ್ಲದ, ಕಾರ್ಖಾನೆ ಇಲ್ಲದ ಕಾಡಿನಲ್ಲೂ ಪ್ಯಾರಾಸಾಲ್ ಅಣಬೆಯ ಟೊಪ್ಪಿಗೆಯಲ್ಲಿ ಪಾದರಸ ಇದ್ದೇ ಇರುತ್ತದೆ. ಅದು ಎಲ್ಲಿಂದ ಬರುತ್ತದೆ?

ಗಾಳಿಯಿಂದ. ಲೋಹಗಳಲ್ಲಿ ಪಾದರಸದ ಸ್ವಭಾವವೇ ಬೇರೆ. ಕಲ್ಲಿದ್ದಲು ಸುಟ್ಟಾಗ, ಸಿಮೆಂಟ್ ಗೂಡು ಉರಿದಾಗ, ಬಡ ದೇಶಗಳ ಹೊಳೆದಂಡೆಯಲ್ಲಿ ಪಾದರಸ ಬೆರೆಸಿ ಚಿನ್ನ ಆರಿಸಿ ಅದನ್ನು ಕಾಯಿಸಿದಾಗ, ಅದು ಆವಿಯಾಗಿ ಮೇಲೇರುತ್ತದೆ. ಮೇಲೇರಿದ್ದು ಒಡನೆ ಇಳಿಯುವುದಿಲ್ಲ. ತಿಂಗಳುಗಟ್ಟಲೆ ತೇಲುತ್ತದೆ, ಭೂಮಿಯನ್ನೇ ಸುತ್ತಿ ಬರುವಷ್ಟು ಕಾಲ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ಲೆಕ್ಕದಂತೆ 2015ರಲ್ಲಿ ಮನುಷ್ಯರ ಚಟುವಟಿಕೆಯಿಂದ ಗಾಳಿಗೆ ಸೇರಿದ ಪಾದರಸ ಸುಮಾರು 2,220 ಟನ್. ಅದರಲ್ಲಿ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಸಣ್ಣ ಪ್ರಮಾಣದ ಚಿನ್ನದ ಗಣಿಗಾರಿಕೆಯದು. ಕಲ್ಲಿದ್ದಲಿನದು ಅದರ ನಂತರ.

ಮರಗಳು ಉಸಿರಾಡುವಾಗ ಎಲೆಯ ರಂಧ್ರಗಳಿಂದ ಈ ಆವಿಯೂ ಒಳಸೇರುತ್ತದೆ. ಎಲೆ ಬಲಿತಷ್ಟೂ ಅದರಲ್ಲಿ ಪಾದರಸ ಕೂಡುತ್ತಾ ಹೋಗುತ್ತದೆ. ಎಲೆ ಉದುರುತ್ತದೆ, ತರಗು ಕೊಳೆಯುತ್ತದೆ, ಇಂಗಾಲ ಗಾಳಿಗೆ ಮರಳುತ್ತದೆ. ಪಾದರಸ ಮಾತ್ರ ಬಹುಪಾಲು ಅಲ್ಲೇ ಉಳಿಯುತ್ತದೆ. ಯಾಕೆಂದರೆ ಕೊಳೆತ ಎಲೆಯ ಕಪ್ಪು ಪದರದಲ್ಲಿ ಗಂಧಕವಿದೆ, ಮತ್ತು ಪಾದರಸಕ್ಕೆ ಗಂಧಕ ಸಿಕ್ಕರೆ ಬಿಡುವ ಮಾತೇ ಇಲ್ಲ. ಇದು ನಮ್ಮ ರಸವೈದ್ಯರಿಗೆ ಚೆನ್ನಾಗಿ ತಿಳಿದಿತ್ತು. ಪಾದರಸವನ್ನೂ ಗಂಧಕವನ್ನೂ ಖಲ್ವದಲ್ಲಿ ಹಾಕಿ ದಿನಗಟ್ಟಲೆ ಅರೆದರೆ ಹೊಳಪೆಲ್ಲ ಹೋಗಿ ಕಾಡಿಗೆಯಂಥ ಕಜ್ಜಳಿಯಾಗುತ್ತದೆ. ಇಂಗಲೀಕವೂ ಅದೇ ಪಾದರಸ, ಅದೇ ಗಂಧಕ, ಭೂಮಿಯೇ ಕೂಡಿಸಿದ್ದು. ಹಾಗಾಗಿ ಕಾಡಿನ ನೆಲದ ಮೇಲಿನ ನಾಲ್ಕು ಬೆರಳು ದಪ್ಪದ ಕಪ್ಪು ಪದರ ದಶಕಗಳ ಗಾಳಿಯ ಪಾದರಸವನ್ನು ಹಿಡಿದಿಟ್ಟುಕೊಂಡು ಕೂತಿರುತ್ತದೆ. ಕೆಳಗಿನ ಕೆಂಪು ಮಣ್ಣಿನಲ್ಲಿ ಸಾಮಾನ್ಯವಾಗಿ ಅಷ್ಟಿರುವುದಿಲ್ಲ. ಈ ಪದರದ ಮಾತನ್ನು ಕೇಳುಗರು ದಯವಿಟ್ಟು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಇನ್ನು ಅಣಬೆಗೆ ಬರೋಣ. ನಾವು ಅಣಬೆ ಎಂದು ಕಿತ್ತು ತರುವುದು ಇಡೀ ಜೀವಿಯನ್ನಲ್ಲ. ಮಾವಿನ ಮರವೊಂದು ಪೂರ್ತಿ ನೆಲದೊಳಗೆ ಹುದುಗಿದ್ದು ಹಣ್ಣು ಮಾತ್ರ ಮೇಲೆ ಕಾಣಿಸಿಕೊಂಡರೆ ಹೇಗೋ ಹಾಗೆ, ಅಣಬೆಯ ನಿಜವಾದ ದೇಹ ತರಗಿನೊಳಗೆ, ಮಣ್ಣಿನೊಳಗೆ ಹರಡಿದ ಬಿಳಿ ಎಳೆಗಳ ಜಾಲ. ಒಂದು ಚಮಚ ಕಾಡುಮಣ್ಣಿನಲ್ಲಿ ಮೀಟರುಗಟ್ಟಲೆ ಎಳೆ ಇರುತ್ತದೆ. ಎಲೆಯ ಮೇಲೆ, ಕಡ್ಡಿಯ ಮೇಲೆ ತನ್ನ ಜೀರ್ಣರಸವನ್ನು ಸುರಿಸಿ, ಹೊರಗೇ ಅರಗಿಸಿ, ಕರಗಿದ್ದನ್ನು ಹೀರುವುದು ಅದರ ಊಟದ ರೀತಿ. ಹೀಗೆ ಹೀರುವಾಗ ಜೊತೆಗೆ ಪಾದರಸವೂ ಒಳಹೋಗುತ್ತದೆ. ಎಳೆಗಳ ಪ್ರೋಟೀನುಗಳಲ್ಲಿ ಗಂಧಕವಿದೆ. ಪಾದರಸ ಅಲ್ಲಿಗೆ ಅಂಟಿಕೊಳ್ಳುತ್ತದೆ. ಮಳೆ ಬಿದ್ದು ಅಣಬೆ ಏಳುವ ಹೊತ್ತಿಗೆ ಚದರ ಮೀಟರುಗಳಷ್ಟು ನೆಲದಿಂದ ಸೆಳೆದದ್ದೆಲ್ಲ ಮೂರು ನಾಲ್ಕು ದಿನದಲ್ಲಿ ಒಂದು ಕಾಂಡ, ಒಂದು ಟೊಪ್ಪಿಗೆಗೆ ಹರಿದುಬರುತ್ತದೆ. ಪ್ರೋಟೀನು ಹೆಚ್ಚಿರುವುದು ಟೊಪ್ಪಿಗೆಯಲ್ಲಿ, ಅದರಲ್ಲೂ ಅಡಿಯ ಪದರುಗಳಲ್ಲಿ. ಅದಕ್ಕೇ ಕಾಂಡಕ್ಕಿಂತ ಟೊಪ್ಪಿಗೆಯಲ್ಲಿ ಪಾದರಸ ಹೆಚ್ಚು, ಸುಮಾರು ಎರಡು ಪಟ್ಟು ಎಂದಿಟ್ಟುಕೊಳ್ಳಿ. ಜನ ತಿನ್ನುವುದೂ ಟೊಪ್ಪಿಗೆಯನ್ನೇ.

ಈ ಪಾದರಸದಿಂದ ಅಣಬೆಗೆ ಏನಾದರೂ ಉಪಯೋಗವಿದೆಯೇ ಎಂದರೆ, ಇದೆ ಎನ್ನಲು ಆಧಾರವಿಲ್ಲ. ತೊಂದರೆಯೂ ಆದಂತೆ ಕಾಣುವುದಿಲ್ಲ. ಗಣಿಯ ಕಾಡಿನಲ್ಲೂ ದಷ್ಟಪುಷ್ಟವಾಗಿ ಏಳುತ್ತದೆ.

ಇದ್ರಿಯಾದಿಂದ ದೂರವೇನಲ್ಲದ ಲ್ಯುಬ್ಲಿಯಾನಾದಲ್ಲಿ ಯೋಜೆಫ್ ಸ್ಟೆಫಾನ್ ಹೆಸರಿನ ಸಂಶೋಧನಾ ಸಂಸ್ಥೆಯಿದೆ. ಅಲ್ಲಿನ ಬರ್ನ್, ರಾವ್ನಿಕ್ ಮತ್ತು ಕೋಸ್ತಾ ಎಂಬ ಮೂವರು 1976ರಲ್ಲಿ ಅಣಬೆಗಳಲ್ಲಿನ ಲೇಶ ಧಾತುಗಳ ಬಗ್ಗೆ ಒಂದು ಪ್ರಬಂಧ ಪ್ರಕಟಿಸಿದರು. ಈ ಕ್ಷೇತ್ರದಲ್ಲಿ ಎಲ್ಲರೂ ಹಿಂತಿರುಗಿ ನೋಡುವ ಕೆಲಸ ಅದು. ಅಣಬೆಗಳಿಗೆ ಒಂದೊಂದಕ್ಕೆ ಒಂದೊಂದು ರುಚಿ ಎಂಬುದು ಇಂಥ ಅಳತೆಗಳಿಂದ ಹೊರಬಿತ್ತು. ಮಕ್ಕಳ ಪುಸ್ತಕದ ಚಿತ್ರಗಳಲ್ಲಿ ಬರುವ, ಕೆಂಪು ಟೊಪ್ಪಿಗೆಯ ಮೇಲೆ ಬಿಳಿ ಚುಕ್ಕೆಯ ಅಣಬೆ ವನೇಡಿಯಂ ಕೂಡಿಸುತ್ತದೆ. ನೇರಳೆ ಬಣ್ಣದ ಪುಟ್ಟ ಲ್ಯಾಕೇರಿಯಾ ಆರ್ಸೆನಿಕ್ ಕೂಡಿಸುತ್ತದೆ. ಇಟಲಿಯವರು ಪೊರ್ಚಿನಿ ಎಂದು ಮೆಚ್ಚಿ ತಿನ್ನುವ ಬೊಲೀಟಸ್ ಸೆಲೆನಿಯಂ ಕೂಡಿಸುತ್ತದೆ, ಪಾದರಸವನ್ನೂ ಬಿಡುವುದಿಲ್ಲ. ಪಕ್ಕಪಕ್ಕದಲ್ಲಿ ಎದ್ದು ಒಂದೇ ಮಳೆ ಕುಡಿದ ಅಣಬೆಗಳೇ ಇವು.

ಪೋಲೆಂಡಿನ ಗ್ದಾನ್ಸ್ಕ್ ವಿಶ್ವವಿದ್ಯಾಲಯದ ಯೆಜಿ ಫಲಾಂದಿಷ್ ಮತ್ತು ಜೊತೆಗಾರರು ದಶಕಗಳಿಂದ ಮಾಡಿಕೊಂಡು ಬಂದಿರುವುದು ಇನ್ನೊಂದು ಬಗೆಯ ತಾಳ್ಮೆಯ ಕೆಲಸ. ಕಾಡಿಗೆ ಹೋಗುವುದು, ಅಣಬೆ ಕೀಳುವುದು, ಅದು ನಿಂತಿದ್ದ ಜಾಗದ ಮೇಲ್ಮಣ್ಣನ್ನೂ ತೆಗೆದುಕೊಳ್ಳುವುದು, ಎರಡನ್ನೂ ಒಣಗಿಸಿ ಪಾದರಸ ಅಳೆಯುವುದು. ಊರೂರು, ಕಾಡುಕಾಡು, ಜಾತಿಜಾತಿ. ಮುಂದೆ ಚೀನಾದ ಯುನ್ನಾನ್ ಪ್ರಾಂತದ ಅಣಬೆಗಳವರೆಗೂ ಈ ಕೆಲಸ ಹಬ್ಬಿತು. ಅಳೆಯುವ ಉಪಾಯವೂ ಸೊಗಸಾದದ್ದು. ಒಣಗಿಸಿದ ಪುಡಿಯನ್ನು ಚಿಕ್ಕ ಕುಲುಮೆಯಲ್ಲಿ ಸುಡುತ್ತಾರೆ. ಪಾದರಸ ಆವಿಯಾಗುತ್ತದೆ. ಆವಿಯನ್ನು ಚಿನ್ನದ ಲೇಪವಿರುವ ಬಲೆಯ ಮೂಲಕ ಹಾಯಿಸಿದರೆ ಉಳಿದ ಹೊಗೆ ಹೊರಟುಹೋಗಿ ಪಾದರಸ ಮಾತ್ರ ಚಿನ್ನಕ್ಕೆ ಅಂಟುತ್ತದೆ. ಚಿನ್ನವನ್ನು ಕಾಯಿಸಿ, ಬಿಡುಗಡೆಯಾದ ಪಾದರಸದ ಮೂಲಕ ಅತಿನೇರಳೆ ಬೆಳಕು ಹಾಯಿಸಿ, ಎಷ್ಟು ಬೆಳಕು ಕುಗ್ಗಿತು ಎಂದು ನೋಡುತ್ತಾರೆ. ಚಿನ್ನದ ಗಣಿಗಳಲ್ಲಿ ಪಾದರಸದಿಂದ ಚಿನ್ನ ಹಿಡಿಯುತ್ತಿದ್ದರು. ಕೋಲಾರದ ಗಣಿಗಳಲ್ಲೂ ಆರಂಭದ ದಿನಗಳಲ್ಲಿ ಅದೇ ಪದ್ಧತಿ. ಇಲ್ಲಿ ಚಿನ್ನದಿಂದ ಪಾದರಸವನ್ನು ಹಿಡಿಯುತ್ತಾರೆ.

ಅಂಕಿಗಳು ಏನು ಹೇಳುತ್ತವೆ? ಮಲಿನವಲ್ಲದ ಕಾಡಿನ ಮಣ್ಣಿನಲ್ಲಿ ಕಿಲೋಗೆ 0.1 ಮಿಲಿಗ್ರಾಂ ಪಾದರಸ, ಕೆಲವೆಡೆ ಅದರ ಅರ್ಧ. ಅದೇ ಮಣ್ಣಿನ ಮೇಲೆ ಎದ್ದ ಪ್ಯಾರಾಸಾಲ್‌ನ ಒಣಗಿದ ಟೊಪ್ಪಿಗೆಯಲ್ಲಿ ಕಿಲೋಗೆ ಕೆಲವು ಮಿಲಿಗ್ರಾಂ. ಅಂದರೆ ಹತ್ತಾರು ಪಟ್ಟು, ಕೆಲವೊಮ್ಮೆ ನೂರು ಪಟ್ಟು ದಾಟುತ್ತದೆ. ಆದರೆ ಅದೇ ಕಾಡಿನ ಶಾಂಟರೆಲ್ ಎಂಬ ಹಳದಿ ಅಣಬೆಯನ್ನು ಅಳೆದರೆ 0.1 ಮಿಲಿಗ್ರಾಂ ಆಸುಪಾಸು, ಬಹಳ ಸಲ ಇನ್ನೂ ಕಡಿಮೆ. ಮರದ ಕೊರಡಿನ ಮೇಲೆ ಏಳುವ ಅಣಬೆಗಳಲ್ಲೂ ಕಡಿಮೆಯೇ. ತರಗೆಲೆಯ ಪದರದಲ್ಲಿ ಬಾಳುವ ಅಣಬೆಗಳೇ ಪಟ್ಟಿಯ ಮೇಲ್ಭಾಗದಲ್ಲಿ ಕಾಣುತ್ತವೆ.

ಪತ್ರಿಕೆಗಳು ಸಾಮಾನ್ಯವಾಗಿ ಎಡವುವುದು ಇಲ್ಲಿ. ‘ಅಣಬೆಯಲ್ಲಿ ಪಾದರಸ ಹೆಚ್ಚಿದೆ, ಆದ್ದರಿಂದ ಈ ಕಾಡು ಕೆಟ್ಟಿದೆ’ ಎಂದು ಬರೆದುಬಿಡುತ್ತಾರೆ. ಪ್ಯಾರಾಸಾಲ್ ಕಿತ್ತವನಿಗೆ ಕಾಡು ಕೆಟ್ಟದ್ದಾಗಿಯೂ ಶಾಂಟರೆಲ್ ಕಿತ್ತವನಿಗೆ ಶುದ್ಧವಾಗಿಯೂ ಕಾಣುತ್ತದೆ. ಇದ್ದದ್ದು ಒಂದೇ ಕಾಡು. ಅಣಬೆಯನ್ನು ಅಳೆದು ಮಣ್ಣಿನ ಮೇಲೆ ತೀರ್ಪು ಕೊಡುವುದಾದರೆ ಮೊದಲು ಅದು ಯಾವ ಅಣಬೆ ಎಂದು ಹೇಳಬೇಕು.

ತಿರುಗಿಸಿ ಕೇಳಿದರೆ ಇನ್ನೂ ಸ್ವಾರಸ್ಯ. ಮಣ್ಣಿನಲ್ಲಿ ಪಾದರಸ ಹೆಚ್ಚಿದಷ್ಟೂ ಅಣಬೆಯಲ್ಲೂ ಹೆಚ್ಚುತ್ತದೆಯೇ? ಹೆಚ್ಚುತ್ತದೆ, ಆದರೆ ಅದೇ ಪ್ರಮಾಣದಲ್ಲಿ ಅಲ್ಲ. ಶುದ್ಧ ಮಣ್ಣಿನ ಮೇಲೆ ಐವತ್ತು ಪಟ್ಟು ಎಳೆದುಕೊಳ್ಳುವ ಅಣಬೆ ಬಹಳ ಮಲಿನ ಮಣ್ಣಿನ ಮೇಲೆ ಎರಡು ಪಟ್ಟನ್ನೂ ಮುಟ್ಟದಿರಬಹುದು. ಮಣ್ಣಿಗಿಂತ ಕಡಿಮೆ ಇರುವುದೂ ಉಂಟು. ಒಂದು ಕಾರಣ, ಅಣಬೆ ಹಿಡಿದಿಟ್ಟುಕೊಳ್ಳುವುದಕ್ಕೂ ಒಂದು ಮಿತಿಯಿದೆ. ಎರಡನೆಯದು, ಇದ್ರಿಯಾದಂಥ ಜಾಗದಲ್ಲಿ ಮಣ್ಣಿನ ಪಾದರಸದ ದೊಡ್ಡ ಪಾಲು ಇನ್ನೂ ಇಂಗಲೀಕದ ಕಣವಾಗಿಯೇ ಇದೆ. ಅದು ನೀರಿಗೆ ಕರಗದು, ಎಳೆಗಳಿಗೆ ದಕ್ಕದು. ಪ್ರಯೋಗಾಲಯದ ಆಮ್ಲಕ್ಕೆ ದಕ್ಕುತ್ತದೆ, ಆದ್ದರಿಂದ ವರದಿಯ ಅಂಕಿಯಲ್ಲಿ ಸೇರುತ್ತದೆ.

ಇದೆಲ್ಲಕ್ಕಿಂತ ನನ್ನನ್ನು ಹೆಚ್ಚು ಕಾಡುವ ಪ್ರಶ್ನೆ ಬೇರೆ. ಅಣಬೆಯ ಅಡಿಯ ಮಣ್ಣು ಎನ್ನುತ್ತೇವಲ್ಲ, ಅದು ಯಾವುದು? ಸಂಶೋಧಕ ಹತ್ತು ಸೆಂಟಿಮೀಟರ್ ಆಳದ ಮಣ್ಣನ್ನು ಅಗೆದು, ಮೇಲಿನ ಕಪ್ಪು ಪದರವನ್ನೂ ಕೆಳಗಿನ ಕೆಂಪು ಮಣ್ಣನ್ನೂ ಕಲಸಿ, ಒಂದು ಅಂಕಿ ಬರೆಯುತ್ತಾನೆ. ಪ್ಯಾರಾಸಾಲ್‌ನ ಎಳೆ ಊಟ ಮಾಡುವುದು ಮೇಲಿನ ಕಪ್ಪು ಪದರದಲ್ಲಿ. ಬೇರಿನೊಂದಿಗೆ ಕೂಡಿ ಬಾಳುವ ಬೊಲೀಟಸ್‌ನ ಎಳೆ ಇನ್ನೂ ಕೆಳಗೆ ಇಳಿದಿರಬಹುದು, ಎಷ್ಟೋ ಅಡಿ ಆಚೆಯ ಮರದವರೆಗೆ ಹೋಗಿರಬಹುದು. ಕಲಸಿದ ಮಣ್ಣಿನಿಂದ ಭಾಗಿಸಿ ‘ಐವತ್ತು ಪಟ್ಟು’ ಎಂದಾಗ, ಅಣಬೆ ನಿಜಕ್ಕೂ ಮುಟ್ಟಿದ ಪದರದಿಂದ ಲೆಕ್ಕ ಹಾಕಿದರೆ ಅದು ಹದಿನೈದೋ ಇಪ್ಪತ್ತೋ ಪಟ್ಟಿದ್ದೀತು. ಅಣಬೆಯ ಅಂಕಿ ಸುಳ್ಳಲ್ಲ, ಮಣ್ಣಿನ ಅಂಕಿಯೂ ಸುಳ್ಳಲ್ಲ. ಎರಡರ ಭಾಗಲಬ್ಧವನ್ನು ಮಾತ್ರ ಅನುಮಾನದಿಂದ ನೋಡಬೇಕು ಎನ್ನುವುದು ನನ್ನ ಮತ.

ಈಗ ಊಟದ ತಟ್ಟೆಗೆ ಬರೋಣ, ಕೇಳುಗರಲ್ಲಿ ಹಲವರು ಇದಕ್ಕೇ ಕಾಯುತ್ತಿರಬಹುದು. ಹಸಿ ಅಣಬೆಯಲ್ಲಿ ತೊಂಬತ್ತು ಪಾಲು ನೀರು. 300 ಗ್ರಾಂ ಹಸಿ ಅಣಬೆ ತಿಂದರೆ ಹೊಟ್ಟೆಗೆ ಹೋಗುವುದು ಸುಮಾರು 30 ಗ್ರಾಂ ಒಣ ಪದಾರ್ಥ. ಕಿಲೋಗೆ 3 ಮಿಲಿಗ್ರಾಂ ಎಂದರೆ ಆ 30 ಗ್ರಾಂನಲ್ಲಿ 90 ಮೈಕ್ರೊಗ್ರಾಂ ಪಾದರಸ. ಆಹಾರ ಸುರಕ್ಷತೆಯ ಅಂತರರಾಷ್ಟ್ರೀಯ ತಜ್ಞ ಸಮಿತಿ 2010ರಲ್ಲಿ ಇಟ್ಟ ಮಿತಿ, ನಿರವಯವ ಪಾದರಸವಾದರೆ (ಅಣಬೆಯಲ್ಲಿರುವುದು ಹೆಚ್ಚಾಗಿ ಈ ರೂಪವೇ) ವಾರಕ್ಕೆ ದೇಹತೂಕದ ಪ್ರತಿ ಕಿಲೋಗೆ 4 ಮೈಕ್ರೊಗ್ರಾಂ. 60 ಕಿಲೋ ತೂಕದವರಿಗೆ 240. ಒಂದು ಊಟ ಅದರ ಮೂರನೆಯ ಒಂದು ಪಾಲಿಗಿಂತ ತುಸು ಹೆಚ್ಚು. ವಾರಕ್ಕೊಮ್ಮೆ, ಅದೂ ವರ್ಷದಲ್ಲಿ ಕೆಲವೇ ವಾರ ತಿನ್ನುವವರು ಹೆದರಬೇಕಿಲ್ಲ. ಜರ್ಮನಿಯಲ್ಲಿ ದೊಡ್ಡವರು ವಾರಕ್ಕೆ 250 ಗ್ರಾಂ ಮೀರಿ ಕಾಡಿನ ಅಣಬೆ ತಿನ್ನದಿರುವುದು ಲೇಸೆಂದು ಸಲಹೆ ಕೊಡುತ್ತಾರೆ. ಸ್ಲೊವೇನಿಯಾದಲ್ಲಿ ಒಬ್ಬರು ದಿನಕ್ಕೆ ಎರಡು ಕಿಲೋಗಿಂತ ಹೆಚ್ಚು ಕೀಳಬಾರದೆಂಬ ಕಟ್ಟಳೆಯಿದೆ. ಅದು ಅಣಬೆ ಉಳಿಯಲೆಂದು ಮಾಡಿದ್ದು, ತಿನ್ನುವವರಿಗಾಗಿ ಅಲ್ಲ.

ಪಾದರಸ ಎಂದೊಡನೆ ಜಪಾನಿನ ಮಿನಮಾತಾ ನೆನಪಾಗುವುದು ಸಹಜ. ಅಲ್ಲಿ 1956ರಲ್ಲಿ ಬೆಳಕಿಗೆ ಬಂದ ದುರಂತಕ್ಕೆ ಕಾರಣ ಮಿಥೈಲ್ ಪಾದರಸ, ಮೀನಿನ ಮೂಲಕ ಬಂದದ್ದು. ಮೀನಿನ ಪಾದರಸದಲ್ಲಿ ಬಹುಪಾಲು ಈ ರೂಪದಲ್ಲಿರುತ್ತದೆ. ಕರುಳು ಅದನ್ನು ಬಹುತೇಕ ಪೂರ್ತಿ ಹೀರುತ್ತದೆ, ಅದು ಮಿದುಳಿಗೆ ಇಳಿಯುತ್ತದೆ. ಅಣಬೆಯಲ್ಲಿ ಮಿಥೈಲ್ ರೂಪ ನೂರಕ್ಕೆ ಕೆಲವೇ ಪಾಲು. ಉಳಿದದ್ದು ನಿರವಯವ, ಅದರಲ್ಲಿ ಕರುಳು ಹೀರುವುದು ಸುಮಾರು ಹತ್ತರಲ್ಲೊಂದು ಪಾಲು, ತೊಂದರೆಯಾಗುವುದು ಮುಖ್ಯವಾಗಿ ಮೂತ್ರಪಿಂಡಕ್ಕೆ. ಆದ್ದರಿಂದ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುವುದು ಸರಿಯಲ್ಲ. ಅಣಬೆ ತಿಂದು ಸಾಯುವವರು ಸಾಯುವುದು ತಪ್ಪು ಜಾತಿಯ ಅಣಬೆ ತಿಂದು, ಪಾದರಸದಿಂದಲ್ಲ.

ಬೇಯಿಸಿದರೆ ಹೋಗುತ್ತದೆಯೇ? ಕುದಿಸಿ ನೀರು ಚೆಲ್ಲಿದರೆ ಒಂದಿಷ್ಟು ಹೋಗುತ್ತದೆ, ಹೆಚ್ಚಿನದು ಉಳಿಯುತ್ತದೆ. ಹುರಿದರೆ ನೀರು ಆರಿ, ತುತ್ತಿನ ಲೆಕ್ಕದಲ್ಲಿ ಪಾದರಸ ಹೆಚ್ಚೇ ಆಗುತ್ತದೆ.

ಆದರೆ ಈ ಸಮಾಧಾನ ಗಣಿ, ಕುಲುಮೆಗಳ ಸುತ್ತಲಿನ ನೆಲಕ್ಕೆ ಸಲ್ಲದು. ಸ್ಲೊವಾಕಿಯಾದ ಪೂರ್ವದಲ್ಲಿ ರುದ್ನ್ಯಾನಿ ಎಂಬಲ್ಲಿ ಪಾದರಸ ಕರಗಿಸುವ ಕುಲುಮೆಯಿತ್ತು. ಚೆಕ್ ವಿಜ್ಞಾನಿ ಪಾವೆಲ್ ಕಲಾಚ್ ಮತ್ತು ಸಂಗಡಿಗರು ಅದರ ಸುತ್ತಲಿನ ತಿನ್ನುವ ಅಣಬೆಗಳನ್ನು ಅಳೆದು 1996ರಲ್ಲಿ ಬರೆದರು. ತರಗು ತಿನ್ನುವ ಜಾತಿಗಳಲ್ಲಿ ಕಿಲೋಗೆ ಹತ್ತಾರು ಮಿಲಿಗ್ರಾಂ ಪಾದರಸ. ಐವತ್ತು ಎಂದೇ ಇಟ್ಟುಕೊಂಡು ಮೇಲಿನ ಲೆಕ್ಕವನ್ನೇ ಮಾಡಿ ನೋಡಿ: ಒಂದು ಊಟಕ್ಕೆ 1,500 ಮೈಕ್ರೊಗ್ರಾಂ, ಆರು ವಾರದ ಪಾಲು ಒಂದೇ ತಟ್ಟೆಯಲ್ಲಿ. ಆ ಭಾಗದ ಜನಕ್ಕೆ ಅಣಬೆ ಕೀಳುವುದೆಂದರೆ ಹಬ್ಬ. ಬುಟ್ಟಿ ಹಿಡಿದು ಮಕ್ಕಳುಮರಿಯೆಲ್ಲ ಹೋಗುತ್ತಾರೆ, ಒಣಗಿಸಿ ಚಳಿಗಾಲಕ್ಕೆ ಎತ್ತಿಡುತ್ತಾರೆ. ಹಾಗಾಗಿ ಅಲ್ಲಿ ‘ವರ್ಷಕ್ಕೆ ಕೆಲವೇ ವಾರ’ ಎಂಬ ನನ್ನ ಮಾತೂ ನಿಲ್ಲುವುದಿಲ್ಲ.

ನಮ್ಮ ಕಡೆಯದು? ದಕ್ಷಿಣ ಭಾರತದ ಬೆಟ್ಟಗಾಡಿನಲ್ಲಿ ಪಾದರಸದ ಮಾತು ಬಂದರೆ ಕೊಡೈಕೆನಾಲ್ ಬರಲೇಬೇಕು. ಅಮೆರಿಕದಿಂದ ಬಿಚ್ಚಿ ತಂದ ಥರ್ಮಾಮೀಟರ್ ಕಾರ್ಖಾನೆಯೊಂದು 1980ರ ದಶಕದಲ್ಲಿ ಅಲ್ಲಿ ಶುರುವಾಗಿ, ಪಾದರಸ ಮೆತ್ತಿದ ಗಾಜಿನ ಚೂರು ಊರಿನ ಗುಜರಿಯಲ್ಲಿ ಸಿಕ್ಕಿದ ಮೇಲೆ 2001ರಲ್ಲಿ ಮುಚ್ಚಿತು. ಕಾರ್ಖಾನೆಯ ಆವರಣ ಶೋಲಾ ಕಾಡಿನ ಇಳಿಜಾರಿನ ನೆತ್ತಿಯ ಮೇಲಿದೆ. ಹೈದರಾಬಾದಿನ ವಿಜ್ಞಾನಿಗಳು ಅದರ ಸುತ್ತಲಿನ ಮರಗಳ ಕಲ್ಲುಹೂವನ್ನೂ ಪಾಚಿಯನ್ನೂ ಅಳೆದು 2003ರಲ್ಲಿ ಪ್ರಕಟಿಸಿದರು. ಹತ್ತಿರ ಹೆಚ್ಚು, ದೂರ ಹೋದಂತೆ ಕಡಿಮೆ. ಕಲ್ಲುಹೂವಿಗೂ ಪಾಚಿಗೂ ಮಣ್ಣಿನ ಹಂಗಿಲ್ಲ. ಅವು ಗಾಳಿಯ ಸಾಕ್ಷಿ. ನೆಲಕ್ಕೆ ಇಳಿದದ್ದರ ಸಾಕ್ಷಿ ಕೇಳಬೇಕಾದರೆ ತರಗಿನ ಅಣಬೆಯನ್ನೇ ಕೇಳಬೇಕು. ಪಾದರಸಕ್ಕೆ ಕಡಿವಾಣ ಹಾಕುವ ಮಿನಮಾತಾ ಒಪ್ಪಂದ 2017ರಲ್ಲಿ ಜಾರಿಗೆ ಬಂತು, ಭಾರತ 2018ರಲ್ಲಿ ಅದನ್ನು ಅನುಮೋದಿಸಿತು. ಥರ್ಮಾಮೀಟರುಗಳಿಂದ ಪಾದರಸ ಹೊರಡುತ್ತಿದೆ. ತರಗಿನ ಪದರ ಸೇರಿದ್ದು ಅಷ್ಟು ಬೇಗ ಹೊರಡುವುದಿಲ್ಲ.

ಮಲೆನಾಡಿನಲ್ಲಿ, ಕೊಡಗಿನಲ್ಲಿ ಗುಡುಗು ಮಳೆಗೆ ಕಾದು ಕೀಳುವ ಹುತ್ತದ ಅಣಬೆಯ ವಿಷಯ ಇನ್ನೂ ಬೇರೆ. ಅದು ಗೆದ್ದಲು ಸಾಕಿದ ಅಣಬೆ. ಗೆದ್ದಲು ಕಡ್ಡಿ, ಎಲೆ, ಹುಲ್ಲನ್ನು ಅಗಿದು ನೆಲದೊಳಗೆ ತೋಟ ಕಟ್ಟುತ್ತದೆ, ಆ ತೋಟದ ಮೇಲೆ ಅಣಬೆಯ ಎಳೆ ಬೆಳೆಯುತ್ತದೆ, ಅಲ್ಲಿಂದ ಉದ್ದನೆಯ ಬೇರಿನಂಥ ಕಾಂಡ ಮೇಲೆದ್ದು ಬರುತ್ತದೆ. ಹಾಗಾದರೆ ಹುತ್ತದ ಅಣಬೆಯ ಅಡಿಯ ಮಣ್ಣು ಯಾವುದು? ಕಾಂಡ ಸೀಳಿಕೊಂಡು ಬಂದ ಕೆಂಪು ಮಣ್ಣು ಅದರ ಊಟವಲ್ಲ. ಅಳೆಯಬೇಕಾದ್ದು ಗೆದ್ದಲಿನ ತೋಟವನ್ನು. ಯುರೋಪಿನ ಪ್ಯಾರಾಸಾಲ್‌ನ ಅಂಕಿಯನ್ನು ತಂದು ನಮ್ಮ ಸಾರಿನ ಪಾತ್ರೆಗೆ ಹಚ್ಚುವುದು ಎಷ್ಟು ತಪ್ಪೋ, ‘ನಮ್ಮ ಕಾಡು ಶುದ್ಧ’ ಎಂದು ಅಳೆಯದೇ ಕೂರುವುದೂ ಅಷ್ಟೇ ತಪ್ಪು.

ಕಾಲೇಜುಗಳ ಸಸ್ಯಶಾಸ್ತ್ರ, ರಸಾಯನಶಾಸ್ತ್ರ ವಿಭಾಗಗಳಲ್ಲಿ ಇದನ್ನು ಕೇಳುತ್ತಿರುವವರಿಗೆ ಕೈಹಚ್ಚುವ ಮನಸ್ಸಿದ್ದರೆ ನಾಲ್ಕು ಮಾತು. ಒಂದೇ ಜಾತಿಯ ಹಲವು ಅಣಬೆ ಬೇಕು. ಒಂದನ್ನು ಒಣಗಿಸಿ ಗುರುತಿಗೆಂದು ಎತ್ತಿಡಿ, ಹೆಸರು ತಪ್ಪಾದರೆ ಮಿಕ್ಕ ದುಡಿಮೆಯೆಲ್ಲ ನೀರುಪಾಲು. ಟೊಪ್ಪಿಗೆ ಬೇರೆ, ಕಾಂಡ ಬೇರೆ ಮಾಡಿ. ತರಗು, ಅದರ ಕೆಳಗಿನ ಕಪ್ಪು ಪದರ, ಅದರ ಕೆಳಗಿನ ಮಣ್ಣು, ಮೂರನ್ನೂ ಮೂರು ಚೀಲಕ್ಕೆ ಹಾಕಿ, ಕಲಸಬೇಡಿ. ಸುತ್ತ ಯಾವ ಮರವಿತ್ತು ಎಂದು ಬರೆದುಕೊಳ್ಳಿ. ಒಣಗಿಸುವ ಬಿಸಿ ನಲವತ್ತು ಡಿಗ್ರಿ ಆಸುಪಾಸಿರಲಿ, ಹೆಚ್ಚು ಕಾಯಿಸಿದರೆ ಅಳೆಯಬೇಕಾದ್ದೇ ಆವಿಯಾಗಿ ಹೋದೀತು. ಇನ್ನೊಂದು ವಿಷಯ: ಒಣಗಿಸಲು ಹಳೆಯ ಪ್ರಯೋಗಾಲಯದ ಮೇಜನ್ನು ಆರಿಸಿಕೊಳ್ಳಬೇಡಿ. ಎಷ್ಟೋ ವರ್ಷದಿಂದ ಅಲ್ಲಿ ಥರ್ಮಾಮೀಟರುಗಳು ಒಡೆದಿರುತ್ತವೆ, ಮರದ ಬಿರುಕಿನಲ್ಲಿ ಹನಿ ಉಳಿದಿರುತ್ತದೆ, ಅದರ ಆವಿ ನಿಮ್ಮ ಅಣಬೆಗೆ ಅಂಟಿ ಕಾಡಿನ ಲೆಕ್ಕಕ್ಕೆ ಸೇರಿಬಿಡುತ್ತದೆ.